ಎತ್ತಿನ ಕೊಂಬಿನ ಕೆಂಪು ಯಾರ ಕಣ್ಣಿಗೆ?

ಸಂಕ್ರಾಂತಿಯ ದಿನ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಸೀಮೆಯಲ್ಲಿ ಎತ್ತುಗಳ ಮೈ ತೊಳೆದು, ಕೊಂಬು ಹೆರೆದು ನಯ ಮಾಡಿ, ಬಣ್ಣ ಬಳಿಯುತ್ತಾರೆ. ಒಂದು ಕೊಂಬಿಗೆ ಕೆಂಪು, ಇನ್ನೊಂದಕ್ಕೆ ನೀಲಿ. ಕೆಲವರು ಬುಡಕ್ಕೊಂದು, ತುದಿಗೊಂದು ಬಣ್ಣ ಕೊಡುತ್ತಾರೆ. ಸಂಜೆ ಕಿಚ್ಚು ಹಾಯಿಸುವ ಹೊತ್ತಿಗೆ ಊರಿನವರ ಕಣ್ಣೆಲ್ಲ ಆ ಕೊಂಬುಗಳ ಮೇಲೆ. ಆದರೆ ಪಕ್ಕದಲ್ಲೇ ನಿಂತ ಜೋಡಿ ಎತ್ತಿಗೆ ಆ ಕೆಂಪು ಕೆಂಪಾಗಿ ಕಾಣುವುದಿಲ್ಲ. ಅದರ ಕಣ್ಣಿನ ರಚನೆಯನ್ನು ನೋಡಿದರೆ, ಕೆಂಪು ಕೊಂಬು ಅದಕ್ಕೆ ಮಂಕು ಹಿಡಿದ, ಕಂದಿಗೆ ತಿರುಗಿದ ಬಣ್ಣವಾಗಿ ಕಾಣುತ್ತದೆ. ನೀಲಿ ಕೊಂಬು ಮಾತ್ರ ಚೆನ್ನಾಗಿ ಎದ್ದು ತೋರುತ್ತದೆ. ಚಿತ್ರಕಲೆಯಲ್ಲಿ ಬಣ್ಣ ಕಲಿಯುವವರು ಮೊದಲು ತಿಳಿಯಬೇಕಾದ ಸಂಗತಿ ಈ ಕೊಂಬಿನ ಮೇಲೆಯೇ ಇದೆ. ಬಣ್ಣ ಹುಟ್ಟಲು ಬೆಳಕು ಬೇಕು, ವಸ್ತು ಬೇಕು, ನೋಡುವ ಕಣ್ಣೂ ಬೇಕು. ಮೂರರಲ್ಲಿ ಯಾವುದು ಬದಲಾದರೂ ಬಣ್ಣ ಬದಲಾಗುತ್ತದೆ.

ಬಿಸಿಲಿನಲ್ಲಿ ಹಲವು ತರಂಗಾಂತರಗಳ ಬೆಳಕು ಬೆರೆತಿದೆ. ಗಾಜಿನ ಪಟ್ಟಕದಿಂದ ಅದನ್ನು ಬಿಡಿಸಿ ತೋರಿಸಿದ ನ್ಯೂಟನ್ 1704ರಲ್ಲಿ ‘ಆಪ್ಟಿಕ್ಸ್’ ಗ್ರಂಥ ಪ್ರಕಟಿಸಿದ. ಮನುಷ್ಯನ ಕಣ್ಣಿಗೆ ನಿಲುಕುವುದು ಸುಮಾರು 380ರಿಂದ 750 ನ್ಯಾನೋಮೀಟರ್‌ವರೆಗಿನ ಬೆಳಕು ಮಾತ್ರ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ಕಣ್ಣಿನ ಒಳಪರದೆಯಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆಯವು. ಒಂದು ಬಗೆ 420ರ ಸುಮಾರಿನ ಬೆಳಕಿಗೆ, ಇನ್ನೊಂದು 530ರ ಸುಮಾರಿಗೆ, ಮತ್ತೊಂದು 560ರ ಸುಮಾರಿಗೆ ಹೆಚ್ಚು ಸ್ಪಂದಿಸುತ್ತದೆ. ಒಂದು ಕೋಶ ಒಂಟಿಯಾಗಿ ಯಾವ ಬಣ್ಣವನ್ನೂ ಹೇಳಲಾರದು. ಮೂರೂ ಬಗೆಯವು ಎಷ್ಟೆಷ್ಟು ಸ್ಪಂದಿಸಿದವು ಎಂಬುದನ್ನು ತಾಳೆ ನೋಡಿ ಮಿದುಳು ಬಣ್ಣವನ್ನು ಕಟ್ಟಿಕೊಳ್ಳುತ್ತದೆ. ಇಂಥ ಮೂರು ಬಗೆ ಇರಬೇಕೆಂದು ಥಾಮಸ್ ಯಂಗ್ 1802ರಲ್ಲಿ ಊಹಿಸಿದ್ದ. ಆಗ ಕಣ್ಣಿನೊಳಗಿನ ಆ ಕೋಶಗಳನ್ನು ಯಾರೂ ಬೇರೆ ಮಾಡಿ ಅಳೆದಿರಲಿಲ್ಲ.

ವಸ್ತುವಿನ ಕಡೆಯಿಂದ ನೋಡಿದರೆ ಹುಳಿಯಾರಿನ ಸುತ್ತ ಬಣ್ಣಕ್ಕೆ ಬರವಿಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಸಾಲಿನಲ್ಲಿ ಕಬ್ಬಿಣದ ಅದಿರೂ ಮ್ಯಾಂಗನೀಸ್ ಅದಿರೂ ಇವೆ. ಗಣಿ ಲಾರಿ ಓಡಾಡಿದ ರಸ್ತೆಬದಿಯಲ್ಲಿ ತೆಂಗಿನ ಗರಿಗಳ ಮೇಲೆ ಕೂರುವ ಕೆಂಪು ಧೂಳೇ ಚಿತ್ರಕಾರನ ಕೈಯಲ್ಲಿ ಕೆಮ್ಮಣ್ಣು. ಕಬ್ಬಿಣದ ಆಕ್ಸೈಡಾದ ಹೆಮಟೈಟ್ ನೀಲಿ, ಹಸಿರು ಬೆಳಕನ್ನು ಹೀರಿಕೊಂಡು ಕೆಂಪನ್ನು ಹಿಂದಿರುಗಿಸುತ್ತದೆ. ಮನೆಯ ಜಗಲಿಗೆ, ಗೋಡೆಯ ಅಂಚಿಗೆ ಸಾರಿಸಿದ ಕೆಮ್ಮಣ್ಣು, ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಬರೆದ ಕೆಂಪು ಚಿತ್ರಗಳು, ಇಂದು ಟ್ಯೂಬಿನಲ್ಲಿ ಮಾರುವ ‘ರೆಡ್ ಓಕರ್’ ಎಲ್ಲವೂ ಒಂದೇ ಕುಲದವು. ಅದೇ ಕಬ್ಬಿಣ ನೀರಿನ ಅಂಶದೊಡನೆ ಕೂಡಿಕೊಂಡಾಗ ಹಳದಿ ಮಣ್ಣಾಗುತ್ತದೆ. ಆ ಹಳದಿ ಮಣ್ಣನ್ನು ಹಂಚಿನ ಮೇಲಿಟ್ಟು ಚೆನ್ನಾಗಿ ಕಾಯಿಸಿದರೆ ನೀರಿನ ಅಂಶ ಹೋಗಿ ಕಣ್ಣೆದುರೇ ಕೆಂಪಾಗುತ್ತದೆ. ಮ್ಯಾಂಗನೀಸ್ ಬೆರೆತರೆ ಕಪ್ಪುಗಂದು. ಪಾಶ್ಚಾತ್ಯ ಚಿತ್ರಕಾರರು ‘ಅಂಬರ್’ ಎನ್ನುವ ಬಣ್ಣ ಇದೇ. ಬಿಳಿಗೆ ಸುಣ್ಣ, ಕಪ್ಪಿಗೆ ತೆಂಗಿನ ಕರಟ ಸುಟ್ಟ ಇದ್ದಿಲು. ಅಂಗಡಿಯ ಬಣ್ಣದ ಡಬ್ಬಿಯನ್ನು ತೆರೆಯುವ ಮೊದಲೇ ಮಕ್ಕಳಿಗೆ ಐದು ಬಣ್ಣ ಊರಿನಲ್ಲೇ ಸಿಗುತ್ತವೆ. ಬಣ್ಣದ ಪಾಠ ಇಲ್ಲಿಂದ ಶುರುವಾದರೆ ಅದು ಬೇಗ ಮರೆತುಹೋಗುವುದಿಲ್ಲ.

ಅರಿಶಿನದ ಪಾಠ ಬೇರೆಯೇ. ತಟ್ಟೆಯಲ್ಲಿ ನೀರು ಹಾಕಿ ಚಿಟಿಕೆ ಅರಿಶಿನ ಕದಡಿದರೆ ಹಳದಿ. ಅದಕ್ಕೆ ಎಲೆ ಅಡಿಕೆಗೆ ಹಚ್ಚುವ ಸುಣ್ಣವನ್ನು ಉಗುರಿನಷ್ಟು ಹಾಕಿ ಬೆರಳಾಡಿಸಿದರೆ, ಬೆರಳು ಓಡಿದಲ್ಲೆಲ್ಲ ಮೊದಲು ಕಿತ್ತಳೆ ಗೆರೆ ಮೂಡಿ, ಮರುಕ್ಷಣಕ್ಕೆ ಇಡೀ ತಟ್ಟೆ ಕೆಂಪಾಗುತ್ತದೆ. ಹಸೆಮಣೆಯ ಮುಂದೆ ಬೆಳಗುವ ಆರತಿಯ ನೀರು, ಓಕುಳಿಯ ನೀರು ಎರಡೂ ಇದೇ. ಸುಣ್ಣದ ಕ್ಷಾರ ತಾಕಿದಾಗ ಅರಿಶಿನದ ಕರ್ಕ್ಯುಮಿನ್ ಅಣುವಿನ ರಚನೆ ಬದಲಾಗಿ, ಅದು ಹೀರಿಕೊಳ್ಳುವ ಬೆಳಕೂ ಬದಲಾಗುತ್ತದೆ. ಇದಕ್ಕೆ ನಿಂಬೆರಸ ಹಿಂಡಿದರೆ ಹಳದಿ ಮರಳಿ ಬರುತ್ತದೆ. ಮುತ್ತುಗದ ಹೂವನ್ನು ಕುದಿಸಿ ತೆಗೆಯುವ ಹೋಳಿಯ ಬಣ್ಣ ಕೂಡ ಹೀಗೇ ಗಿಡದಿಂದ ಬಂದದ್ದು. ಸಸ್ಯದ ಬಣ್ಣಗಳಿಗೆ ಬಿಸಿಲು ಹಗೆ. ಅರಿಶಿನದಲ್ಲಿ ಅದ್ದಿದ ಬಟ್ಟೆ ಕೆಲವೇ ದಿನದ ಬಿಸಿಲಿಗೆ ಪೇಲವವಾಗುತ್ತದೆ. ಮಣ್ಣಿನ ಬಣ್ಣ ಬಂಡೆಯ ಮೇಲೆ ಸಾವಿರಾರು ವರ್ಷ ನಿಲ್ಲುತ್ತದೆ.

ಹಳದಿಗೆ ನೀಲಿ ಬೆರೆಸಿದರೆ ಹಸಿರು ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಬಣ್ಣದ ಪುಡಿಗೆ ಈ ಮಾತು ಸರಿ, ಏಕೆಂದರೆ ಪ್ರತಿ ಪುಡಿಯೂ ತನ್ನ ಪಾಲಿನ ಬೆಳಕನ್ನು ಕಳೆಯುತ್ತದೆ. ಎರಡೂ ಕಳೆದು ಉಳಿದದ್ದು ಹಸಿರು. ಬೆಳಕನ್ನೇ ಬೆರೆಸಿದರೆ ಲೆಕ್ಕ ಕೂಡುವುದಾಗುತ್ತದೆ. ಕೆಂಪು ಬೆಳಕಿಗೆ ಹಸಿರು ಬೆಳಕು ಸೇರಿದರೆ ಹಳದಿ. ಮೊಬೈಲಿನ ಪರದೆಯಲ್ಲಿ ಬಿಳಿ ಚಿತ್ರವೊಂದನ್ನು ತೆರೆದು, ಅದರ ಮೇಲೆ ಸಾಸಿವೆ ಗಾತ್ರದ ನೀರಿನ ಹನಿ ಬಿಟ್ಟು ನೋಡಿದರೆ, ಹನಿ ಭೂತಗನ್ನಡಿಯಂತಾಗಿ ಕೆಂಪು, ಹಸಿರು, ನೀಲಿ ಚುಕ್ಕೆಗಳ ಸಾಲು ಕಾಣುತ್ತದೆ. ಬೇರೆ ಯಾವ ಬಣ್ಣವೂ ಅಲ್ಲಿಲ್ಲ. ಮನುಷ್ಯನ ಮೂರು ಬಗೆಯ ಶಂಕುಕೋಶಗಳನ್ನು ಬೇಕಾದ ಪ್ರಮಾಣದಲ್ಲಿ ಕೆಣಕಲು ಆ ಮೂರು ಚುಕ್ಕೆ ಸಾಕು. ಟಿ.ವಿ., ಫೋಟೊ, ಅಚ್ಚಾದ ಚಿತ್ರ ಎಲ್ಲವೂ ಮನುಷ್ಯನ ಕಣ್ಣಿನ ಅಳತೆಗೆ ಹೊಲಿದ ಅಂಗಿಗಳು ಎಂಬುದನ್ನು ಇಲ್ಲಿ ನೆನಪಿಟ್ಟುಕೊಂಡರೆ ಪ್ರಾಣಿಗಳ ವಿಷಯಕ್ಕೆ ಬಂದಾಗ ಉಪಯೋಗವಾಗುತ್ತದೆ.

ಒಂದು ಬಣ್ಣ ಪಕ್ಕದ ಬಣ್ಣದಿಂದಲೂ ಬದಲಾಗುತ್ತದೆ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಷೆವ್ರಲ್, ಕಪ್ಪು ನೂಲು ಮಂಕಾಗಿದೆ ಎಂಬ ದೂರುಗಳನ್ನು ಬೆನ್ನು ಹತ್ತಿ, ತಪ್ಪು ನೂಲಿನದಲ್ಲ, ಅದರ ಪಕ್ಕದ ಬಣ್ಣದ್ದು ಎಂದು ಕಂಡುಕೊಂಡ. 1839ರಲ್ಲಿ ಆ ಕುರಿತು ಗ್ರಂಥ ಬರೆದ. ಬಾಳೆ ಎಲೆಯ ಮೇಲಿಟ್ಟ ದಾಸವಾಳ ಬಿಳಿ ತಟ್ಟೆಯಲ್ಲಿಟ್ಟ ದಾಸವಾಳಕ್ಕಿಂತ ಕೆಂಪಗೆ ಕಾಣುವುದೂ ಇದೇ ಕಾರಣಕ್ಕೆ.

ಬೆಳಕು ಬದಲಾದಾಗ ಏನಾಗುತ್ತದೆ ಎಂಬುದನ್ನು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮೂಡಲಪಾಯ ಯಕ್ಷಗಾನದ ಕಲಾವಿದರು ಅನುಭವದಿಂದ ಬಲ್ಲವರು. ಪಂಜಿನ ಬೆಳಕಿನಲ್ಲಿ ಕೆಂಪು, ಹಳದಿ ಹೆಚ್ಚು, ನೀಲಿ ತೀರಾ ಕಡಿಮೆ. ಆ ಬೆಳಕಿನಲ್ಲಿ ಕೆಂಪು ಬಳಿದ ಮುಖ ಉರಿಯುತ್ತದೆ, ಕಿರೀಟ ಭುಜಕೀರ್ತಿಗಳ ಹೊಂಬಣ್ಣ ಮಿಂಚುತ್ತದೆ, ಕಡುನೀಲಿ ಬಟ್ಟೆ ಕಪ್ಪಿನೊಳಗೆ ಕರಗಿಹೋಗುತ್ತದೆ. ಬೆಳ್ಳನೆಯ ವಿದ್ಯುತ್ ದೀಪದ ಕೆಳಗೆ ಅದೇ ವೇಷ ಬೇರೆಯಾಗಿ ಕಾಣುತ್ತದೆ. ಮುಸ್ಸಂಜೆಯ ಪಾಠ ಇನ್ನೂ ಸೊಗಸು. ಹಿತ್ತಲಿನ ದಾಸವಾಳದ ಮುಂದೆ ಹೊತ್ತು ಮುಳುಗುವಾಗ ಕಾಲು ಗಂಟೆ ನಿಂತರೆ, ಹಗಲು ಎಲೆಗಿಂತ ಎದ್ದು ಕಾಣುತ್ತಿದ್ದ ಹೂವು ಮೆಲ್ಲಗೆ ಕಪ್ಪಾಗುತ್ತದೆ. ಎಲೆಗಳೇ ಬೆಳ್ಳಗೆ ಕಾಣತೊಡಗುತ್ತವೆ. ಮಬ್ಬಿನಲ್ಲಿ ಶಂಕುಕೋಶಗಳು ಕೆಲಸ ನಿಲ್ಲಿಸಿ, 500 ನ್ಯಾನೋಮೀಟರ್ ಸುಮಾರಿನ ಬೆಳಕಿಗೆ ಒಲಿಯುವ ಸರಳುಕೋಶಗಳು ನೋಟವನ್ನು ವಹಿಸಿಕೊಳ್ಳುತ್ತವೆ; ಕೆಂಪು ಅವುಗಳ ಕೈಗೆ ಸಿಗುವುದಿಲ್ಲ. 19ನೇ ಶತಮಾನದ ಆರಂಭದಲ್ಲಿ ಇದನ್ನು ಗಮನಿಸಿ ದಾಖಲಿಸಿದ ಚೆಕ್ ವಿಜ್ಞಾನಿ ಪುರ್ಕಿನ್ಯೆಯ ಹೆಸರೇ ಈ ಪರಿಣಾಮಕ್ಕೆ ನಿಂತಿದೆ.

ಕಣ್ಣು ಬದಲಾಗುವುದಕ್ಕೆ ಪ್ರಾಣಿಗಳವರೆಗೆ ಹೋಗಬೇಕಾಗಿಯೂ ಇಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ತಡೆಯುತ್ತದೆ. ಪೊರೆ ತೆಗೆಸಿಕೊಂಡು ಬಂದ ಅಜ್ಜಿಗೆ ಬಿಳಿ ಸೀರೆ ನೀಲಿ ಹಾಕಿ ಒಗೆದಂತೆ ಕಾಣುವುದು ಅದಕ್ಕೇ. ಫ್ರಾನ್ಸಿನ ಚಿತ್ರಕಾರ ಮೋನೆ ಪೊರೆ ಬೆಳೆದ ವರ್ಷಗಳಲ್ಲಿ ಬರೆದ ಕೊಳದ ಚಿತ್ರಗಳು ಕೆಂಪು, ಕಂದು ಬಣ್ಣಗಳಲ್ಲಿ ಮುಳುಗಿವೆ. 1923ರಲ್ಲಿ ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ನೀಲಿ ಮರಳಿತು. ಹುಟ್ಟಿನಿಂದಲೇ ಕೆಂಪು ಹಸಿರಿನ ಭೇದ ತಿಳಿಯದವರೂ ಇದ್ದಾರೆ. ರಸಾಯನ ವಿಜ್ಞಾನಿ ಜಾನ್ ಡಾಲ್ಟನ್ 1794ರಲ್ಲಿ ತನ್ನದೇ ಕಣ್ಣಿನ ಈ ಕೊರತೆಯ ಬಗ್ಗೆ ಪ್ರಬಂಧ ಓದಿದ. ಅವನು ಸಾಯುವಾಗ ತನ್ನ ಕಣ್ಣುಗಳನ್ನು ಪರೀಕ್ಷೆಗೆ ಬಿಟ್ಟುಹೋಗಿದ್ದ. ಉಳಿದಿದ್ದ ಅಂಗಾಂಶದ ಡಿ.ಎನ್.ಎ. ನೋಡಿ, ಅವನಿಗೆ ಮಧ್ಯಮ ತರಂಗಾಂತರದ ಶಂಕುಕೋಶ ಇರಲಿಲ್ಲವೆಂದು 1995ರಲ್ಲಿ ಖಚಿತಪಡಿಸಿದರು. ಈ ಗುಣ ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವುದರಿಂದ ಗಂಡುಮಕ್ಕಳಲ್ಲಿ ಹೆಚ್ಚು. ಎಲೆಗೆ ಕಂದು ಬಣ್ಣ ಹಚ್ಚಿದ ಹುಡುಗನನ್ನು ಗದರಿಸುವ ಮೊದಲು ಡ್ರಾಯಿಂಗ್ ಮೇಷ್ಟ್ರು ಇದನ್ನು ನೆನೆಯಬೇಕು. ಆ ಮಗುವಿಗೆ ಬೇಕಾದದ್ದು ಬಣ್ಣದ ಕಡ್ಡಿಯ ಮೇಲೆ ಹೆಸರು ಬರೆದ ಒಂದು ಚೀಟಿ.

ವಸ್ತುವಿನ ಕಡೆ ಮತ್ತೊಮ್ಮೆ ತಿರುಗಿದರೆ, ಹಕ್ಕಿಗಳ ಕೆಲವು ಬಣ್ಣಗಳಿಗೆ ಪುಡಿಯೂ ಬೇಕಿಲ್ಲ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಹುಳಿಯಾರಿನ ಹೊಲಗಳ ತಂತಿಯ ಮೇಲೆ ಕೂತಾಗ ಮಣ್ಣುಬಣ್ಣದ ಸಾದಾ ಹಕ್ಕಿ; ರೆಕ್ಕೆ ಬಿಚ್ಚಿದ ಕೂಡಲೇ ಎರಡು ನೀಲಿಗಳ ಹೊಳಪು. 1934ರಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಈ ಹಕ್ಕಿಯ ಗರಿಗಳನ್ನೇ ಪರೀಕ್ಷಿಸಿ, ಅದೇ ವರ್ಷ ಶುರುವಾದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲಿ ಪ್ರಬಂಧ ಬರೆದರು. ಆ ಗರಿಯಲ್ಲಿ ನೀಲಿ ವರ್ಣದ್ರವ್ಯವೇ ಇಲ್ಲ. ಗರಿಯ ಎಳೆಗಳೊಳಗಿನ ಅತಿ ಸೂಕ್ಷ್ಮ ರಚನೆಗೆ ಬೆಳಕು ತಾಗಿದಾಗ ನೀಲಿ ಮಾತ್ರ ಹಿಂದಿರುಗುತ್ತದೆ. ಅಂಥ ಗರಿಯನ್ನು ಬೆಳಕಿಗೆ ಅಡ್ಡ ಹಿಡಿದು ಹಿಂದಿನಿಂದ ನೋಡಿದರೆ ಅದು ಕಂದು. ತೆಂಗಿನ ತೋಟಗಳಲ್ಲಿ ಉದುರಿ ಸಿಗುವ ನವಿಲುಗರಿಯೂ ಹೀಗೇ. ಅರೆದರೆ ಸಿಗುವುದು ಮಬ್ಬುಕಂದಿನ ಪುಡಿ. ನವಿಲುಗರಿ ಒದ್ದೆಯಾದಾಗ ಬಣ್ಣ ಮಾಯವಾಗುವುದನ್ನು ರಾಬರ್ಟ್ ಹುಕ್ 1665ರಲ್ಲೇ ಬರೆದಿಟ್ಟಿದ್ದ. ನೀಲಕಂಠವನ್ನು ಚಿತ್ರಿಸುವವರು ಎಷ್ಟೇ ಒಳ್ಳೆಯ ನೀಲಿ ಪುಡಿ ತಂದರೂ ಆ ಹೊಳಪು ಹಾಳೆಯ ಮೇಲೆ ಬರದು. ಸುತ್ತಲಿನ ಬಣ್ಣವನ್ನು ಮಂಕಾಗಿಸಿ ನೀಲಿಯನ್ನು ಎಬ್ಬಿಸುವ ಷೆವ್ರಲ್‌ನ ದಾರಿಯೇ ಅವರಿಗೆ ಗತಿ.

ಈಗ ಕೊಟ್ಟಿಗೆಗೆ ಬರಬಹುದು. ಹಳ್ಳಿಕಾರ್ ಆಗಲಿ, ಅಮೃತಮಹಲ್ ಆಗಲಿ, ದನದ ಕಣ್ಣಿನಲ್ಲಿ ಶಂಕುಕೋಶ ಎರಡೇ ಬಗೆ: ಒಂದು 450 ನ್ಯಾನೋಮೀಟರ್ ಸುಮಾರಿನ ಬೆಳಕಿಗೆ, ಇನ್ನೊಂದು 555ರ ಸುಮಾರಿಗೆ ಹೆಚ್ಚು ಸ್ಪಂದಿಸುತ್ತದೆ. ಆಡು ಕುರಿಗಳದ್ದೂ ಹೆಚ್ಚು ಕಡಿಮೆ ಇದೇ ಲೆಕ್ಕ. ನಾಯಿಗೆ 429 ಮತ್ತು 555. ಹೀಗಾಗಿ ಹಸಿರು, ಹಳದಿ, ಕಿತ್ತಳೆ, ಕೆಂಪು ಇವೆಲ್ಲ ಅವಕ್ಕೆ ಒಂದೇ ಬಣ್ಣದ ಹೆಚ್ಚು ಕಡಿಮೆ ಹೊಳಪುಗಳು. ಹುಲ್ಲಿನ ಮೇಲೆ ಬಿದ್ದ ಕೆಂಪು ಚೆಂಡನ್ನು ನಾಯಿ ಮೂಗಿನಿಂದ ಹುಡುಕುತ್ತದೆ. ನೀಲಿ ಚೆಂಡಾದರೆ ಕಣ್ಣಿಗೇ ಸಿಗುತ್ತದೆ. ಕೆಂಪು ಸೀರೆ ಕಂಡರೆ ಹೋರಿ ಹಾಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಸ್ಪೇನಿನ ಗೂಳಿಕಾಳಗದಲ್ಲಿ ಕೆಂಪು ಬಟ್ಟೆ ಬರುವುದು ಕೊನೆಯ ಹಂತದಲ್ಲಿ. ಮೊದಲ ಹಂತದ ಗುಲಾಬಿ ಬಣ್ಣದ ದೊಡ್ಡ ಬಟ್ಟೆಗೂ ಗೂಳಿ ಅಷ್ಟೇ ರಭಸದಿಂದ ನುಗ್ಗುತ್ತದೆ. ಕೆಣಕುವುದು ಬಟ್ಟೆಯ ಅಲುಗಾಟ. ದನಗಳು ಬಣ್ಣಕ್ಕಿಂತ ಕಪ್ಪು ಬಿಳುಪಿನ ಅಂತರಕ್ಕೆ ಹೆಚ್ಚು ಬೆದರುತ್ತವೆ. ಬಿಸಿಲಿನ ದಾರಿಗೆ ಅಡ್ಡಬಿದ್ದ ಕಂಬದ ನೆರಳಿನ ಮುಂದೆ ಎತ್ತು ಥಟ್ಟನೆ ನಿಂತರೆ ಅದಕ್ಕೆ ಬಾರುಕೋಲು ಮದ್ದಲ್ಲ.

ಕಾಡಿನಲ್ಲಿ ಇದೇ ಎರಡು ಬಗೆಯ ಕಣ್ಣು ಜೀವ ತೆಗೆಯುತ್ತದೆ. ಸಸ್ತನಿಗಳ ಕೂದಲಿನಲ್ಲಿ ಹಸಿರು ವರ್ಣದ್ರವ್ಯವಿಲ್ಲ, ಹುಲಿ ಹಸಿರಾಗಲಾರದು. ಆದರೆ ಜಿಂಕೆಯ ಕಣ್ಣಿಗೆ ಕಿತ್ತಳೆಯೂ ಹಸಿರೂ ಒಂದೇ ಆದ್ದರಿಂದ ಬಂಡೀಪುರದ ಹುಲಿ ಹುಲ್ಲಿನಲ್ಲಿ ಅಡಗಲು ಹಸಿರಾಗಬೇಕಾದ ಪ್ರಮೇಯವೂ ಇಲ್ಲ.

ಕೋತಿಗೆ ಮನುಷ್ಯನಂತೆ ಮೂರು ಬಗೆಯ ಶಂಕುಕೋಶ. ಕೆಂದೆಂಗಿನ ಗೊನೆ ತೋಟದ ಒಡೆಯನಿಗೆ ಎಷ್ಟು ಕಿತ್ತಳೆಯೋ ಕೋತಿಗೂ ಅಷ್ಟೇ. ಎಲೆಗಳ ನಡುವೆ ಹಣ್ಣನ್ನೂ ಎಳೆ ಕೆಂಪು ಚಿಗುರನ್ನೂ ಹುಡುಕಲು ಈ ಮೂರನೆಯ ಬಗೆ ನೆರವಾಯಿತೆಂದು ವಿಜ್ಞಾನಿಗಳು ಬಗೆಯುತ್ತಾರೆ. ಮನುಷ್ಯ ಕೆಂಪು ಕುಂಕುಮವನ್ನು ಹಣೆಗಿಟ್ಟು ಸಂತೋಷಪಡುವುದಕ್ಕೆ ಮರದ ಮೇಲಿನ ಆ ಪೂರ್ವಜರಿಗೆ ಋಣಿ.

ಅಂಗಳದ ನಾಟಿಕೋಳಿಯ ಕಣ್ಣು ಇವರೆಲ್ಲರಿಗಿಂತ ಸಿರಿವಂತ. ಅದರಲ್ಲಿ ಬಣ್ಣ ನೋಡುವ ಶಂಕುಕೋಶ ನಾಲ್ಕು ಬಗೆ; ಒಂದೊಂದರ ಬಾಯಲ್ಲೂ ಒಂದು ಸಣ್ಣ ಎಣ್ಣೆಹನಿ ಇದ್ದು, ಹೆಚ್ಚಿನವು ಬಣ್ಣದ ಗಾಜಿನಂತೆ ಬೆಳಕನ್ನು ಸೋಸುತ್ತವೆ. ಗೀಜಗ, ಗಿಳಿ, ನವಿಲುಗಳೂ ಇದೇ ನಾಲ್ಕರ ಬಳಗದವು. ಎಷ್ಟೋ ಹಕ್ಕಿಗಳಿಗೆ ಮನುಷ್ಯನಿಗೆ ಕಾಣದ ನೇರಳಾತೀತ ಬೆಳಕೂ ಕಾಣುತ್ತದೆ. ಮುಂಗಾರಿನಲ್ಲಿ ಗಂಡು ಗೀಜಗ ತಲೆಗೆ ಹಳದಿ ಏರಿಸಿಕೊಂಡು ತೆಂಗಿನ ಗರಿಗೆ ಗೂಡು ನೇಯುವಾಗ ಹೆಣ್ಣಿಗೆ ಕಾಣುವ ಹಳದಿಯಲ್ಲಿ ಮನುಷ್ಯನ ಲೆಕ್ಕಕ್ಕೆ ಸಿಗದ ಪಾಲೊಂದು ಇರಬಹುದು. ನವಿಲಿನ ಫೋಟೊವನ್ನು ಹೆಣ್ಣು ನವಿಲಿಗೆ ತೋರಿಸಿದರೆ ಅದಕ್ಕೆ ಕಾಣುವ ಬಣ್ಣ ನಿಜದ ನವಿಲಿನದಲ್ಲ. ಮೂರು ಚುಕ್ಕೆಯ ಪರದೆ ನಾಲ್ಕರ ಕಣ್ಣಿಗೆ ಸಾಲದು.

ಜೇನಿಗೆ ಮತ್ತೆ ಮೂರೇ ಬಗೆ, ಆದರೆ ಜಾಗ ಬೇರೆ: 344, 436, 544 ನ್ಯಾನೋಮೀಟರ್‌ಗಳ ಸುಮಾರು. ನೇರಳಾತೀತ ಅದಕ್ಕೆ ಒಂದು ಬಣ್ಣ. ಕೆಂಪು ಅದಕ್ಕೆ ಕತ್ತಲು. ಸೂರ್ಯಕಾಂತಿಯ ಎಸಳು ಮನುಷ್ಯನಿಗೆ ಬುಡದಿಂದ ತುದಿವರೆಗೆ ಒಂದೇ ಹಳದಿ. ಜೇನಿಗೆ ಎಸಳ ಬುಡ ಒಂದು ಬಣ್ಣ, ತುದಿ ಇನ್ನೊಂದು. ನಡುವಿನ ಮಕರಂದದ ಸುತ್ತ ಗುರಿಹಲಗೆಯಂತೆ ಉಂಗುರ. ಬೇಸಿಗೆಯ ಮೊದಲಲ್ಲಿ ಗುಡ್ಡದ ಮೇಲೆ ಉರಿಯುವ ಮುತ್ತುಗದ ಹೂವಿಗೆ ಸೂರಕ್ಕಿ, ಮೈನಾಗಳ ಜಾತ್ರೆ ನೆರೆಯುತ್ತದೆ. ಆ ಕೆಂಪು ಹಕ್ಕಿಗಳ ಕಣ್ಣಿಗೆ ಹೊಂದುವ ಬಣ್ಣ. ಸಹ್ಯಾದ್ರಿಯ ಒಂದು ಬಗೆಯ ಬಡಗಿ ದುಂಬಿ ಚಂದ್ರನಿಲ್ಲದ ರಾತ್ರಿಯಲ್ಲಿ, ನಕ್ಷತ್ರಗಳ ಬೆಳಕಿನಲ್ಲೂ ಬಣ್ಣ ಗುರುತಿಸುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಬೆಳಕಿನಲ್ಲಿ ಮನುಷ್ಯನಿಗೆ ಎಲ್ಲವೂ ಬೂದು.

ಈ ತಿಳಿವಳಿಕೆ ತೆಂಗಿನ ತೋಟಕ್ಕೂ ಬಂದಿದೆ. 2016ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಸುರುಳಿ ಬಿಳಿನೊಣ ಗರಿಯ ಅಡಿಯಲ್ಲಿ ಕೂತು ರಸ ಹೀರುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಕೆಳಗಿನ ಗರಿಗಳು ಮಸಿ ಬಳಿದಂತಾಗುತ್ತವೆ. ಅದನ್ನು ಹಿಡಿಯಲು ಹಳದಿ ಹಾಳೆಗೆ ಹರಳೆಣ್ಣೆಯನ್ನೋ ಅಂಟನ್ನೋ ಬಳಿದು ಮರಕ್ಕೆ ಕಟ್ಟುತ್ತಾರೆ. ಹಳದಿಯೇ ಏಕೆ ಎಂದರೆ, ಹಸಿರು ಎಲೆ ಯಾವ ಬೆಳಕಿನಿಂದ ನೊಣವನ್ನು ಕರೆಯುತ್ತದೆಯೋ ಆ ಬೆಳಕು ಹಳದಿಯಲ್ಲಿ ಎಲೆಗಿಂತ ಹೆಚ್ಚಿದೆ, ನೀಲಿ ಇಲ್ಲವೇ ಇಲ್ಲ. ನೊಣದ ಕಣ್ಣಿಗೆ ಅದು ಎಲೆಗಿಂತ ಮಿಗಿಲಾದ ಎಲೆ.

ಪ್ರಾಣಿಯ ಕಣ್ಣಿಗೆ ಏನು ಕಾಣುತ್ತದೆಂದು ತಿಳಿಯಲು ವಿಜ್ಞಾನಿಗಳು ಶಂಕುಕೋಶ ಹೀರುವ ಬೆಳಕನ್ನು ಅಳೆಯುತ್ತಾರೆ, ಜೀನ್‌ಗಳನ್ನು ಓದುತ್ತಾರೆ. ಎಲ್ಲಕ್ಕಿಂತ ನಂಬಬಹುದಾದ ದಾರಿ ಪ್ರಾಣಿಯನ್ನೇ ಕೇಳುವುದು. ಜೇನಿಗೆ ಬಣ್ಣವೇ ಕಾಣದು, ಹೊಳಪಿನ ಹೆಚ್ಚು ಕಡಿಮೆ ಮಾತ್ರ ಕಾಣುತ್ತದೆ ಎಂದು ಜರ್ಮನಿಯ ಕಣ್ಣಿನ ತಜ್ಞ ಕಾರ್ಲ್ ಫಾನ್ ಹೆಸ್ ಸಾಧಿಸುತ್ತಿದ್ದ ಕಾಲದಲ್ಲಿ ಯುವ ವಿಜ್ಞಾನಿ ಕಾರ್ಲ್ ಫಾನ್ ಫ್ರಿಷ್ ನೀಲಿ ಕಾರ್ಡಿನ ಮೇಲೆ ಸಕ್ಕರೆ ನೀರಿಟ್ಟು ಜೇನುಗಳಿಗೆ ರೂಢಿ ಮಾಡಿಸಿದ. ಆಮೇಲೆ ತೆಳುಬೂದಿಯಿಂದ ಕಡುಬೂದಿಯವರೆಗಿನ ಹಲವು ಕಾರ್ಡುಗಳ ನಡುವೆ ನೀಲಿಯನ್ನಿಟ್ಟು, ಎಲ್ಲದರ ಮೇಲೂ ಖಾಲಿ ಬಟ್ಟಲು ಇಟ್ಟ. ಜೇನುಗಳು ನೇರ ನೀಲಿಗೇ ಬಂದವು. ಹೊಳಪು ಮಾತ್ರ ಕಾಣುವಂತಿದ್ದರೆ ಯಾವುದಾದರೂ ಒಂದು ಬೂದುಬಣ್ಣಕ್ಕೆ ಅವು ಮೋಸಹೋಗಬೇಕಿತ್ತು. ಕೆಂಪು ಕಾರ್ಡಿಗೆ ರೂಢಿ ಮಾಡಿಸಿದಾಗ ಹಾಗೆಯೇ ಆಯಿತು. ಅವು ಕೆಂಪನ್ನು ಕಡುಬೂದಿಯಿಂದ, ಕಪ್ಪಿನಿಂದ ಬೇರೆ ಮಾಡಲಾಗದೆ ತಡವರಿಸಿದವು. ಇದು 1914ರ ಸುಮಾರಿನ ಮಾತು. ಫ್ರಿಷ್‌ಗೆ 1973ರಲ್ಲಿ ನೊಬೆಲ್ ಬಂತು.

ಈ ಪ್ರಯೋಗಕ್ಕೆ ಪ್ರಯೋಗಾಲಯ ಬೇಡ. ನೀಲಿ, ಹಳದಿ, ಕೆಂಪು ಹಾಳೆಗಳ ತುಂಡು, ಪೆನ್ಸಿಲಿನಿಂದ ತೀಡಿ ಮಾಡಿದ ಏಳೆಂಟು ಬೂದು ತುಂಡು, ಒಂದೇ ಗಾತ್ರದ ಗಾಜಿನ ಬಟ್ಟಲು, ಸಕ್ಕರೆ ನೀರು ಸಾಕು. ಹುಚ್ಚೆಳ್ಳು, ತೊಗರಿ ಹೂವು ತುಂಬಿದ ಕಾಲದಲ್ಲಿ ಜೇನು ಸಕ್ಕರೆ ನೀರಿನ ಕಡೆ ತಿರುಗಿಯೂ ನೋಡದು. ಹೊಲದ ಹೂವು ಮುಗಿದ ಮೇಲೆ ಹೊಂದಿಸಿಕೊಳ್ಳಬೇಕು. ಹಾಳೆಗಳ ಜಾಗವನ್ನು ಆಗಾಗ ಬದಲಿಸದಿದ್ದರೆ ಜೇನು ಬಣ್ಣ ಬಿಟ್ಟು ಜಾಗವನ್ನು ನೆನಪಿಡುತ್ತದೆ. ಬಟ್ಟಲನ್ನು ತೊಳೆಯದಿದ್ದರೆ ವಾಸನೆ ಹಿಡಿದು ಬರುತ್ತದೆ. ಹೆಜ್ಜೇನು ಕಟ್ಟಿದ ಮರದ ಹತ್ತಿರಕ್ಕೆ ಮಕ್ಕಳನ್ನು ಬಿಡಬಾರದು. ತುಡುವೆ ಜೇನಿನ ಪೆಟ್ಟಿಗೆ ಇಟ್ಟ ರೈತರ ತೋಟವೊಂದು ಸಿಕ್ಕರೆ ಒಳ್ಳೆಯದು. ಹುಳಿಯಾರು ಹೋಬಳಿಯ ಶಾಲೆಗಳಲ್ಲಿ ವಿಜ್ಞಾನದ ಮೇಷ್ಟ್ರೂ ಡ್ರಾಯಿಂಗ್ ಮೇಷ್ಟ್ರೂ ಕೂಡಿ ಒಂದು ಶನಿವಾರದ ಬೆಳಗನ್ನು ಇದಕ್ಕೆ ಮೀಸಲಿಡಲಿ.